ಸಿಕಲ್ ಸೆಲ್ ಮಕ್ಕಳ ಕುತ್ತಿಗೆಯ ಡಾಪ್ಲರ್: ಮಾಡುವ ಕ್ರಮ, ತಪ್ಪುವ ಕಡೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ತಾಲೂಕುಗಳಿಂದ ಬರುವ ಸಿಕಲ್ ಸೆಲ್ (ಹುಟ್ಟಿನಿಂದ ಬರುವ ರಕ್ತಕಣಗಳ ಕಾಯಿಲೆ) ಮಕ್ಕಳ ಫೈಲುಗಳಲ್ಲಿ ಒಂದೇ ಬಗೆಯ ಡಾಪ್ಲರ್ (ರಕ್ತದ ಓಟವನ್ನು ಅಳೆಯುವ ಸೋನೋಗ್ರಾಫಿ) ವರದಿ ಮತ್ತೆ ಮತ್ತೆ ಕಾಣುತ್ತದೆ: ‘ಎರಡೂ ಬದಿಯ ಕೆರೋಟಿಡ್ ಸಹಜ, ಪ್ಲಾಕ್ ಇಲ್ಲ, ಒಳಪದರದ ದಪ್ಪ ಸಹಜ.’ ಕುತ್ತಿಗೆಯ ಮೂಲಕ ತಲೆಗೆ ರಕ್ತ ಒಯ್ಯುವ ಕೆರೋಟಿಡ್ ನಾಳದಲ್ಲಿ ಕೊಬ್ಬಿನ ಪದರ (ಪ್ಲಾಕ್) ಹುಡುಕುವ ಇದು ಅರವತ್ತು ದಾಟಿದ ಸಕ್ಕರೆ ಕಾಯಿಲೆಯವರಿಗೆ ಬರೆಯುವ ವರದಿ. ಆರು ವರ್ಷದ ಮಗುವಿನ ಫೈಲಿನಲ್ಲಿ ಇದನ್ನು ಕಂಡ ಮಕ್ಕಳ ವೈದ್ಯರು ಪಾರ್ಶ್ವವಾಯುವಿನ ಅಪಾಯದ ತಪಾಸಣೆ ಮುಗಿಯಿತೆಂದು ತಿಳಿಯುತ್ತಾರೆ. ನಿಜವಾಗಿ ಅದು ಶುರುವೂ ಆಗಿರುವುದಿಲ್ಲ.

ಈ ಮಕ್ಕಳ ನಾಳ ಕೊಬ್ಬು ಕೂತು ಕಟ್ಟುವುದಿಲ್ಲ. ಕುಡಗೋಲಿನಾಕಾರದ ರಕ್ತಕಣಗಳು ನಾಳದ ಒಳಪದರವನ್ನು ಕೆಡಿಸುತ್ತ ಹೋದಂತೆ ಆ ಪದರ ದಪ್ಪಗಾಗಿ ನಾಳ ಕಿರಿದಾಗುತ್ತದೆ, ಕಾಲುವೆ ಕಿರಿದಾದಲ್ಲಿ ನೀರಿನ ಓಟ ಹೆಚ್ಚುವಂತೆ ಅಲ್ಲಿ ರಕ್ತದ ವೇಗ ಏರುತ್ತದೆ. ಇದು ಹೆಚ್ಚಾಗಿ ಆಗುವುದು ತಲೆಬುರುಡೆಯೊಳಗೆ, ಒಳ ಕೆರೋಟಿಡ್ ಅಪಧಮನಿಯ ಕೊನೆಯಲ್ಲಿ ಮತ್ತು ಅದು ಕವಲೊಡೆಯುವ ಜಾಗದಲ್ಲಿ. ಕೆಲವು ಮಕ್ಕಳಲ್ಲಿ ಕುತ್ತಿಗೆಯಲ್ಲಿಯೇ, ದವಡೆಯ ಮೂಲೆಯ ಹಿಂದೆ ಬುರುಡೆಯ ತಳದ ಕಡೆಗೆ ಏರುವ ಭಾಗದಲ್ಲಿಯೂ ಆಗುತ್ತದೆ. ವಯಸ್ಕರ ಕೆರೋಟಿಡ್ ಡಾಪ್ಲರ್ ಕವಲಿನ ಹತ್ತಿರವೇ ನಿಂತುಬಿಡುವುದರಿಂದ ಈ ಎರಡು ಜಾಗಗಳನ್ನೂ ಮುಟ್ಟುವುದಿಲ್ಲ.

ತಪಾಸಣೆ ಇಲ್ಲದಿದ್ದ ಕಾಲದಲ್ಲಿ ಎಸ್‌ಎಸ್ ಬಗೆಯ (ತಂದೆತಾಯಿ ಇಬ್ಬರಿಂದಲೂ ಸಿಕಲ್ ಜೀನ್ ಪಡೆದ) ಮಕ್ಕಳಲ್ಲಿ ಸುಮಾರು 11 ಶೇಕಡಾ ಮಂದಿಗೆ 20 ವರ್ಷದೊಳಗೆ ಪಾರ್ಶ್ವವಾಯು ಆಗುತ್ತಿತ್ತು. 1998ರಲ್ಲಿ ಪ್ರಕಟವಾದ ಸ್ಟಾಪ್ ಪ್ರಯೋಗದಲ್ಲಿ, ಡಾಪ್ಲರ್ ವೇಗ ಮಿತಿ ದಾಟಿದ ಮಕ್ಕಳಿಗೆ ನಿಯಮಿತವಾಗಿ ರಕ್ತ ಕೊಟ್ಟಾಗ ಈ ಅಪಾಯ 92 ಶೇಕಡಾ ಇಳಿಯಿತು. ಕೆಳಗಿನ ಕ್ರಮ ರೇಡಿಯಾಲಜಿ ವಿಭಾಗದಲ್ಲಿ ಪ್ರೋಬ್ ಹಿಡಿಯುವವರಿಗೂ ಮಗುವನ್ನು ಅಲ್ಲಿಗೆ ಕಳುಹಿಸುವವರಿಗೂ ಬರೆದದ್ದು. ವೇಗದ ಅಂಕಿಗಳೆಲ್ಲ ಸೆಕೆಂಡಿಗೆ ಸೆಂಟಿಮೀಟರ್ ಲೆಕ್ಕದಲ್ಲಿವೆ.

ಹಂತ 1: ಯಾವ ಮಗು, ಯಾವಾಗ

ಮೊದಲು ಎಚ್‌ಪಿಎಲ್‌ಸಿ ಅಥವಾ ಎಲೆಕ್ಟ್ರೊಫೊರೆಸಿಸ್ (ಎರಡೂ ಹಿಮೋಗ್ಲೋಬಿನ್ ಬಗೆಗಳನ್ನು ಬಿಡಿಸಿ ತೋರುವ ಪರೀಕ್ಷೆ) ವರದಿ ನೋಡಬೇಕು. ಸಾಲ್ಯುಬಿಲಿಟಿ ಪರೀಕ್ಷೆ ಪಾಸಿಟಿವ್ ಎಂದಷ್ಟೇ ಬರೆದ ಚೀಟಿಯಿಂದ ಮಗು ವಾಹಕವೋ ರೋಗಿಯೋ ತಿಳಿಯುವುದಿಲ್ಲ. 2023ರ ಜುಲೈಯಲ್ಲಿ ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದ ಕಾರ್ಡು ತಂದವರಲ್ಲಿಯೂ ವಾಹಕರೇ ಹೆಚ್ಚಿರುತ್ತಾರೆ, ಅವರಿಗೆ ಈ ತಪಾಸಣೆ ಬೇಕಿಲ್ಲ. ಬೇಕಾದದ್ದು ಎಸ್‌ಎಸ್ ಮತ್ತು ಎಸ್-ಬೀಟಾ ಶೂನ್ಯ ಥಲಸ್ಸೀಮಿಯಾ (ಒಂದು ಸಿಕಲ್ ಜೀನ್, ಒಂದು ಥಲಸ್ಸೀಮಿಯಾ ಜೀನ್) ಇರುವ, 2ರಿಂದ 16 ವರ್ಷದ ಮಕ್ಕಳಿಗೆ, ವರ್ಷಕ್ಕೊಮ್ಮೆ. ನಮ್ಮ ದೇಶದ ಮಕ್ಕಳಲ್ಲಿ ಭ್ರೂಣ ಹಿಮೋಗ್ಲೋಬಿನ್ ಹೆಚ್ಚಿರುತ್ತದೆ, ಕಾಯಿಲೆ ಸೌಮ್ಯ, ಆದ್ದರಿಂದ ಡಾಪ್ಲರ್ ಬೇಡ ಎನ್ನುವ ಮಾತು ಆಗಾಗ ಕೇಳಿಬರುತ್ತದೆ. ಅಪಾಯ ಕಡಿಮೆ ಇರಬಹುದು, ಇಲ್ಲವೇ ಇಲ್ಲ ಎಂದಲ್ಲ. ಯಾವ ಮಗುವಿಗೆ ಇದೆ ಎಂಬುದು ಮುಖ ನೋಡಿದರೆ ತಿಳಿಯುವುದೂ ಇಲ್ಲ.

ಮಗು ಆರೋಗ್ಯವಾಗಿರುವ ದಿನವನ್ನೇ ಆರಿಸಬೇಕು. ಜ್ವರ, ಆಮ್ಲಜನಕದ ಕೊರತೆ, ದಿಢೀರನೆ ಇಳಿದ ಹಿಮೋಗ್ಲೋಬಿನ್ ಇವು ಮೂರೂ ವೇಗವನ್ನು ಸುಳ್ಳಾಗಿ ಏರಿಸುತ್ತವೆ. ಇತ್ತೀಚೆಗೆ ಕೊಟ್ಟ ರಕ್ತ ಅದನ್ನು ಇಳಿಸುತ್ತದೆ. ನೋವಿನ ಕಾಟಕ್ಕೋ ಜ್ವರಕ್ಕೋ ಅಡ್ಮಿಟ್ ಆಗಿದ್ದ ಮಗುವನ್ನು ಡಿಸ್ಚಾರ್ಜಿನ ದಿನವೇ ‘ಹೇಗೂ ಬಂದಿದೆ, ಡಾಪ್ಲರ್ ಮುಗಿಸಿಬಿಡೋಣ’ ಎಂದು ಕಳುಹಿಸುವುದು ವಾಡಿಕೆ. ಮನೆಯವರಿಗೆ ಒಂದು ಓಡಾಟ ಉಳಿಯುತ್ತದೆ ನಿಜ, ಆದರೆ ಆ ದಿನದ ಅಂಕಿ ನಂಬಿಕೆಗೆ ಬಾರದು. ಎರಡು ಮೂರು ವಾರ ಬಿಟ್ಟು ಕರೆಸಬೇಕು, ಕೊನೆಯ ಬಾರಿ ರಕ್ತ ಕೊಟ್ಟ ದಿನಾಂಕವನ್ನು ಚೀಟಿಯ ಮೇಲೆಯೇ ಬರೆದು ಕಳುಹಿಸಬೇಕು.

ಇದಕ್ಕೆ ಒಂದು ವಿನಾಯಿತಿ ಇದೆ. ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಮಹಾರಾಷ್ಟ್ರದ ಕಡೆಯಿಂದ ಬಂದ ಕುಟುಂಬ ಕಾರ್ಖಾನೆಯ ಸೀಸನ್ ಮುಗಿಯುತ್ತಲೇ ಹೊರಟುಹೋಗುತ್ತದೆ. ಅಂಥ ಮಗು ಮತ್ತೆ ಬರುವುದು ಖಚಿತವಿಲ್ಲವಾದರೆ ಇದ್ದ ಸ್ಥಿತಿಯಲ್ಲಿಯೇ ನೋಡಿ, ಆ ಸ್ಥಿತಿ ಏನೆಂಬುದನ್ನು ವರದಿಯಲ್ಲಿ ಬರೆದು, ಪ್ರತಿಯನ್ನು ಅವರ ಕೈಗೆ ಕೊಡುವುದೇ ಸರಿ.

ಹಂತ 2: ಬೇಕಾದ ಸಲಕರಣೆ

ಬುರುಡೆಯೊಳಗಿನ ನಾಳಕ್ಕೆ ಸುಮಾರು 2 ಮೆಗಾಹರ್ಟ್ಸ್‌ನ ಪ್ರೋಬ್ ಬೇಕು. ಚಿತ್ರ ತೋರದ, ಬರೀ ಅಲೆ ತೋರುವ ಟಿಸಿಡಿ (ಬುರುಡೆಯ ಮೂಲಕ ನೋಡುವ ಡಾಪ್ಲರ್) ಯಂತ್ರ ಇದ್ದರೆ ಒಳ್ಳೆಯದು. ಅದು ಇಲ್ಲದ ಕಡೆ ಸಾಮಾನ್ಯ ಕಲರ್ ಡಾಪ್ಲರ್ ಯಂತ್ರಕ್ಕೆ ಎಕೋ ಮಾಡುವ ಸೆಕ್ಟರ್ ಪ್ರೋಬ್ ಹಾಕಿದರೆ ಕೆಲಸ ನಡೆಯುತ್ತದೆ. ಕುತ್ತಿಗೆಯ ಕೆಳಭಾಗಕ್ಕೆ 7ರಿಂದ 12 ಮೆಗಾಹರ್ಟ್ಸ್‌ನ ಲೀನಿಯರ್ ಪ್ರೋಬ್, ಮೇಲ್ಭಾಗಕ್ಕೆ ಮತ್ತೆ ಅದೇ ಸೆಕ್ಟರ್ ಪ್ರೋಬ್. ಪಕ್ಕದಲ್ಲಿ ಪಲ್ಸ್ ಆಕ್ಸಿಮೀಟರ್, ಥರ್ಮಾಮೀಟರ್, ಆ ವಾರದ ಹಿಮೋಗ್ಲೋಬಿನ್ ವರದಿ ಇರಬೇಕು.

ಶಿಬಿರ ಮಾಡಬಯಸುವವರಿಗೆ ಒಂದು ಎಚ್ಚರಿಕೆ. ಕುತ್ತಿಗೆಯನ್ನಷ್ಟೇ ನೋಡುತ್ತೇವೆ ಎಂದರೂ ಸೋನೋಗ್ರಾಫಿ ಯಂತ್ರ ಗರ್ಭದ ಲಿಂಗ ಪತ್ತೆಯನ್ನು ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯ ಹಿಡಿತದಲ್ಲಿಯೇ ಇರುತ್ತದೆ. ನೋಂದಾಯಿಸಿದ ಜಾಗದಿಂದ ಪೋರ್ಟೆಬಲ್ ಯಂತ್ರವನ್ನು ಕಾರಿನಲ್ಲಿಟ್ಟುಕೊಂಡು ಖಾನಾಪುರದ ಹಳ್ಳಿಗೋ ಇಂಡಿ ತಾಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಒಯ್ದರೆ ಯಂತ್ರ ಜಪ್ತಿಯಾಗುವ ಸಂಭವವಿದೆ. ಆದ್ದರಿಂದ ಯಂತ್ರ ಹೊರಡುವ ಬದಲು ಮಕ್ಕಳನ್ನು ಒಂದೇ ದಿನ ಗುಂಪಾಗಿ ಕರೆತರುವ ಏರ್ಪಾಡು ಮಾಡುವುದು ಸುರಕ್ಷಿತ.

ಹಂತ 3: ಮಗುವನ್ನು ಅಣಿಗೊಳಿಸುವುದು

ಅತಿ ಹೆಚ್ಚು ತಪ್ಪು ನಡೆಯುವುದು ಕೌಂಟರಿನಲ್ಲಿ, ಡಾಕ್ಟರು ಮಗುವನ್ನು ನೋಡುವುದಕ್ಕೂ ಮೊದಲು. ಸೋನೋಗ್ರಾಫಿ ಎಂಬ ಪದ ಕೇಳಿದೊಡನೆ ಅಲ್ಲಿನ ಸಿಬ್ಬಂದಿ ‘ನಾಳೆ ಮುಂಜಾನೆ ಖಾಲಿ ಹೊಟ್ಟೆಯಲ್ಲಿ ಬನ್ನಿ’ ಎಂದುಬಿಡುತ್ತಾರೆ. ಸಿಂದಗಿಯಿಂದಲೋ ಹುನಗುಂದದಿಂದಲೋ ಮೊದಲ ಬಸ್ಸಿಗೆ ಹೊರಟ ಮಗು ಏಪ್ರಿಲ್ ಬಿಸಿಲಿನಲ್ಲಿ ಹನಿ ನೀರೂ ಇಲ್ಲದೆ ಮಧ್ಯಾಹ್ನದವರೆಗೆ ಸಾಲಿನಲ್ಲಿ ಕೂರುತ್ತದೆ. ಸಿಕಲ್ ಸೆಲ್ ಮಗುವಿಗೆ ನೀರಿನ ಕೊರತೆ ಎಂದರೆ ನೋವಿನ ಕಾಟಕ್ಕೆ ಕರೆ ಕೊಟ್ಟಂತೆ. ಕುತ್ತಿಗೆ ಮತ್ತು ತಲೆಯ ಡಾಪ್ಲರ್‌ಗೆ ಉಪವಾಸ ಬೇಕಿಲ್ಲ. ‘ತಿನ್ನಿಸಿ, ನೀರು ಕುಡಿಸಿ ಕರೆತನ್ನಿ’ ಎಂದು ಚೀಟಿಯ ಮೇಲೆ ದೊಡ್ಡದಾಗಿ ಬರೆಯಬೇಕು.

ಕೋಣೆಯ ಎಸಿ ಕಡಿಮೆ ಮಾಡಬೇಕು, ಜೆಲ್ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಬೇಕು. ತಣ್ಣನೆಯ ಜೆಲ್ ಕುತ್ತಿಗೆಗೆ ತಾಗಿದೊಡನೆ ಮಗು ಬೆಚ್ಚಿ ಅಳತೊಡಗಿದರೆ ಮುಂದಿನ ಅರ್ಧ ತಾಸು ವ್ಯರ್ಥ. ಅಳುವಾಗ ಜೋರು ಉಸಿರಾಟದಿಂದ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಮೆದುಳಿನ ನಾಳದ ವೇಗ ಇಳಿಯುತ್ತದೆ. ನಿದ್ದೆಯಲ್ಲಿ ಅದು ಮೈಯಲ್ಲಿ ಉಳಿದು ವೇಗ ಏರುತ್ತದೆ. ಹಾಗಾಗಿ ನಿದ್ದೆಯ ಔಷಧಿ ಕೊಡಲೇಬಾರದು, ಮಗು ಎಚ್ಚರವಾಗಿ ಸಮಾಧಾನದಿಂದ ಮಲಗಿರಬೇಕು. ಚಿಕ್ಕವರಿಗೆ ತಾಯಿಯ ಮಗ್ಗುಲು ಮತ್ತು ಮೊಬೈಲಿನ ಕಾರ್ಟೂನು ಸಾಕು. ಕತ್ತಲ ಕೋಣೆಯಲ್ಲಿ ಕಣ್ಣೆಳೆಯುವ ಮಗುವಿಗೆ ‘ಕಣ್ಣ ತೆರದ ಇರವ್ವ, ನಿದ್ದಿ ಮಾಡಬ್ಯಾಡ’ ಎಂದು ನಡುನಡುವೆ ತಾಯಿಯಿಂದಲೇ ಹೇಳಿಸುವುದು ಪರೀಕ್ಷೆಯ ಭಾಗವೇ ಆಗಿದೆ.

ಹಂತ 4: ಮೊದಲು ತಲೆ

ಕುತ್ತಿಗೆಯ ಕಾಯಿಲೆಯನ್ನು ಹುಡುಕಲು ಬಂದವರು ತಲೆಯಿಂದ ಏಕೆ ಆರಂಭಿಸಬೇಕೆಂದರೆ, ಚಿಕಿತ್ಸೆಯ ತೀರ್ಮಾನಕ್ಕೆ ಗಟ್ಟಿ ಆಧಾರವಿರುವ ಅಂಕಿ ತಲೆಯದು, ಮಗುವಿನ ತಾಳ್ಮೆ ಹೆಚ್ಚಿರುವುದೂ ಆರಂಭದಲ್ಲಿಯೇ.

ಕಣತಲೆಯ ಮೇಲೆ, ಕಿವಿಯ ಮುಂಭಾಗದಲ್ಲಿ ಎಲುಬು ತೆಳುವಾಗಿರುವ ಕಡೆ ಪ್ರೋಬ್ ಇಡಬೇಕು. ಮಧ್ಯ ಮೆದುಳಿನ ಅಪಧಮನಿ ಮಕ್ಕಳಲ್ಲಿ ಸುಮಾರು 30ರಿಂದ 54 ಮಿ.ಮೀ. ಆಳದಲ್ಲಿ ಪ್ರೋಬಿನ ಕಡೆಗೆ ಹರಿಯುತ್ತ ಸಿಗುತ್ತದೆ. ಕವಲು ಅದರ ಕೊನೆಯಲ್ಲಿ, ಒಳ ಕೆರೋಟಿಡ್‌ನ ತುದಿ ಇನ್ನೂ ಸ್ವಲ್ಪ ಆಳದಲ್ಲಿ. ಎರಡೆರಡು ಮಿ.ಮೀ. ಸರಿಯುತ್ತ ಇಡೀ ನಾಳವನ್ನು ಕೇಳಿಕೊಂಡು ಹೋಗಿ, ಅತಿ ಹೆಚ್ಚು ವೇಗ ಸಿಕ್ಕ ಜಾಗವನ್ನು ದಾಖಲಿಸಬೇಕು. ಒಂದು ಚೆಂದದ ಅಲೆ ಸಿಕ್ಕೊಡನೆ ಫ್ರೀಜ್ ಮಾಡಿ ಮುಂದೆ ಹೋಗುವವರು ಕಿರಿದಾದ ಜಾಗವನ್ನು ದಾಟಿಯೇ ಹೋಗಿರುತ್ತಾರೆ. ಇಲ್ಲಿ ಕೋನದ ತಿದ್ದುಪಡಿ (ಕಿರಣಕ್ಕೂ ಹರಿವಿಗೂ ನಡುವಿನ ಓರೆಯನ್ನು ಯಂತ್ರ ಲೆಕ್ಕಕ್ಕೆ ಹಿಡಿಯುವುದು) ಹಾಕಬಾರದು, ಏಕೆಂದರೆ ಮಿತಿಯ ಅಂಕಿಗಳೆಲ್ಲ ತಿದ್ದುಪಡಿ ಇಲ್ಲದೆ ಅಳೆದ ಮಕ್ಕಳಿಂದ ಬಂದವು. ಎರಡೂ ಬದಿಯನ್ನು ನೋಡದೆ ತಲೆ ಮುಗಿಯಿತು ಎನ್ನಬಾರದು.

ಹಂತ 5: ಕುತ್ತಿಗೆ, ಎರಡು ಸುತ್ತು

ಮೊದಲ ಸುತ್ತು ಲೀನಿಯರ್ ಪ್ರೋಬಿನಿಂದ. ಹೆಗಲ ಕೆಳಗೆ ಮಡಿಸಿದ ಟವೆಲ್ ಇಟ್ಟು, ಮುಖವನ್ನು ಸ್ವಲ್ಪವೇ ಆಚೆಗೆ ತಿರುಗಿಸಿ, ಕೊರಳೆಲುಬಿನಿಂದ ದವಡೆಯವರೆಗೆ ಅಡ್ಡಲಾಗಿ ಒಮ್ಮೆ, ಉದ್ದಲಾಗಿ ಒಮ್ಮೆ ನೋಡಬೇಕು. ಕವಲಿನ ಮೇಲೆ ಒಳ ಕೆರೋಟಿಡ್ ಯಾವುದು, ಹೊರ ಕೆರೋಟಿಡ್ ಯಾವುದು ಎಂಬುದು ಖಾತ್ರಿಯಾಗಬೇಕು: ಕುತ್ತಿಗೆಯಲ್ಲಿ ಕೊಂಬೆ ಒಡೆಯುವುದು ಹೊರಗಿನದು, ಹೃದಯ ವಿರಮಿಸುವಾಗಲೂ ಸಾಕಷ್ಟು ಹರಿವು ಉಳಿಸಿಕೊಳ್ಳುವುದು ಒಳಗಿನದು. ಸಂಶಯವಿದ್ದರೆ ಕಿವಿಯ ಮುಂದೆ ಬೆರಳಿನಿಂದ ಮೆಲ್ಲಗೆ ತಟ್ಟಿದಾಗ ಹೊರ ಕೆರೋಟಿಡ್‌ನ ಅಲೆ ನಡುಗುತ್ತದೆ. ಈ ಪ್ರೋಬಿನಲ್ಲಿ ಕೋನದ ತಿದ್ದುಪಡಿ ಹಾಕಲೇಬೇಕು, ಕೋನ 60 ಡಿಗ್ರಿ ದಾಟಬಾರದು. ಮಗುವಿನ ಕುತ್ತಿಗೆಯನ್ನು ಒತ್ತಬಾರದು: ಒತ್ತಿದರೆ ನಾಳ ಚಪ್ಪಟೆಯಾಗಿ ಇಲ್ಲದ ಕಿರಿತ ಕಾಣುತ್ತದೆ, ನಾಡಿಯೂ ನಿಧಾನವಾಗಬಹುದು.

ಬಹುತೇಕ ಕಡೆ ಪರೀಕ್ಷೆ ಇಲ್ಲಿಗೇ ನಿಲ್ಲುತ್ತದೆ. ದವಡೆಯ ಎಲುಬು ಅಡ್ಡ ಬಂದು ಲೀನಿಯರ್ ಪ್ರೋಬ್ ಮುಂದಕ್ಕೆ ನೋಡಲಾರದು, ಪರೀಕ್ಷಕರು ‘ಸಹಜ’ ಎಂದು ಬರೆಯುತ್ತಾರೆ. ಆದ್ದರಿಂದ ಎರಡನೆಯ ಸುತ್ತು ಬಿಡುವಂತಿಲ್ಲ.

ಎರಡನೆಯ ಸುತ್ತಿಗೆ ಸೆಕ್ಟರ್ ಪ್ರೋಬನ್ನು ದವಡೆಯ ಮೂಲೆಯ ಕೆಳಗೆ ಕೂರಿಸಿ, ಮೇಲಕ್ಕೆ ಮತ್ತು ತುಸು ಒಳಮುಖವಾಗಿ ವಾಲಿಸಬೇಕು. ಕಲರ್ ಹಾಕಿದೊಡನೆ ಪ್ರೋಬಿನಿಂದ ದೂರ ಸರಿಯುವ ನಾಳ ಪರದೆಯ ಮೇಲೆ ಹೆಚ್ಚು ಕಡಿಮೆ ನೆಟ್ಟಗೆ ಇಳಿದಂತೆ ಕಾಣುತ್ತದೆ: ಅದೇ ಒಳ ಕೆರೋಟಿಡ್‌ನ ಮೇಲ್ಭಾಗ. ಸುಮಾರು 40ರಿಂದ 60 ಮಿ.ಮೀ. ಆಳದವರೆಗೆ ಸ್ಯಾಂಪಲ್ ಬಾಕ್ಸನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತ ಅಲೆ ಹಿಡಿಯಬೇಕು. ಅಲೆ ಬೇಸ್‌ಲೈನಿನ ಕೆಳಗೆ ಬರುತ್ತದೆ. ಕಿರಣ ಮತ್ತು ಹರಿವು ಒಂದೇ ನೇರದಲ್ಲಿರುವುದರಿಂದ ಇಲ್ಲಿ ಕೋನದ ತಿದ್ದುಪಡಿ ಬೇಡ. ಒಂದೇ ಕುತ್ತಿಗೆಯಲ್ಲಿ ಕೆಳಗೆ ತಿದ್ದುಪಡಿ, ಮೇಲೆ ಇಲ್ಲ: ಈ ಬದಲಾವಣೆಯನ್ನು ಮರೆತು ಹಿಂದಿನ ಸೆಟ್ಟಿಂಗಿನಲ್ಲಿಯೇ ಮುಂದುವರಿದಾಗ ಅಂಕಿ ಸುಳ್ಳಾಗಿ ಹೆಚ್ಚಾಗುತ್ತದೆ.

ಕಲರ್‌ನಲ್ಲಿ ನಾಳ ಒಂದು ಕಡೆ ಬಣ್ಣ ಬದಲಿಸಿ ತಿರುಚಿಕೊಂಡಂತೆ ಕಂಡರೆ ಅದು ಕಿರಿತವೋ ಬರೀ ಬಾಗೋ ಎಂದು ನಿಂತು ನೋಡಬೇಕು. ಈ ಮಕ್ಕಳಲ್ಲಿ ನಾಳ ಹಾವಿನಂತೆ ಬಾಗಿರುವುದು ಅಪರೂಪವಲ್ಲ. ಬಾಗಿನ ಜಾಗದಲ್ಲಿ ಕೋನ ಬದಲಾಗುವುದರಿಂದಲೂ ವೇಗ ಏರಿದಂತೆ ತೋರಬಹುದು. ಬಾಗಿನ ಮುಂಚೆ, ಬಾಗಿನಲ್ಲಿ, ಬಾಗಿನ ನಂತರ ಮೂರೂ ಕಡೆ ಅಳೆದು ಮೂರನ್ನೂ ಬರೆದಿಡಬೇಕು. ಗೊಂದಲ ಬಗೆಹರಿಯದಿದ್ದರೆ ರಕ್ತನಾಳಗಳ ಎಂಆರ್‌ಐ ಚಿತ್ರವಾದ ಎಂಆರ್‌ಎ ಬಗೆಹರಿಸುತ್ತದೆ, ಊಹೆ ಬೇಡ.

ಹಂತ 6: ಯಾವ ಅಂಕಿಯನ್ನು ಓದಬೇಕು

ಇಡೀ ಪರೀಕ್ಷೆ ಕೆಡುವುದು ಒಂದು ಬಟನ್ನಿನಲ್ಲಿ. ಯಂತ್ರ ಅಲೆಯ ಸುತ್ತ ಗೆರೆ ಎಳೆದು ಪಕ್ಕದಲ್ಲಿ ನಾಲ್ಕೈದು ಅಂಕಿ ತೋರಿಸುತ್ತದೆ: ಪಿಎಸ್‌ವಿ, ಇಡಿವಿ (ಇವೆರಡು ಮಿಡಿತದ ಗರಿಷ್ಠ ವೇಗ ಮತ್ತು ವಿರಾಮದ ಕೊನೆಯ ವೇಗ), ಟ್ಯಾಮ್ಯಾಕ್ಸ್, ಟ್ಯಾಮೀನ್ (ನಾಳದಲ್ಲಿನ ಎಲ್ಲ ವೇಗಗಳ ಸರಾಸರಿ). ನಮಗೆ ಬೇಕಾದದ್ದು ಟ್ಯಾಮ್ಯಾಕ್ಸ್ ಮಾತ್ರ, ಅಂದರೆ ಅಲೆಯ ಮೇಲಂಚಿನ ವೇಗದ ಕಾಲ-ಸರಾಸರಿ. ಕಂಪನಿಗೆ ತಕ್ಕಂತೆ ಇದರ ಹೆಸರು ಬದಲಾಗುತ್ತದೆ, ಆದ್ದರಿಂದ ತಮ್ಮ ಯಂತ್ರದಲ್ಲಿ ಅದು ಯಾವ ಹೆಸರಿನಲ್ಲಿದೆ ಎಂಬುದನ್ನು ಇಂಜಿನಿಯರನ್ನು ಕೇಳಿ ಖಚಿತಪಡಿಸಿಕೊಂಡು ಯಂತ್ರದ ಮೇಲೆ ಚೀಟಿ ಅಂಟಿಸಿಟ್ಟರೆ ಪಿ.ಜಿ. ವಿದ್ಯಾರ್ಥಿಗಳು ಬದಲಾದಾಗಲೂ ತಪ್ಪಾಗುವುದಿಲ್ಲ.

ಉದಾಹರಣೆಗೆ ಪಿಎಸ್‌ವಿ 200, ಇಡಿವಿ 110 ಇರುವ ಮಗುವಿನಲ್ಲಿ ಟ್ಯಾಮ್ಯಾಕ್ಸ್ ಸುಮಾರು 140 ಇರುತ್ತದೆ. ಪಿಎಸ್‌ವಿಯನ್ನು ಮಿತಿಯೊಂದಿಗೆ ಹೋಲಿಸಿದವರು ಈ ಮಗುವಿಗೆ ಸುಮ್ಮಸುಮ್ಮನೆ ತಿಂಗಳು ತಿಂಗಳು ರಕ್ತ ಏರಿಸುತ್ತಾರೆ. ಟ್ಯಾಮೀನ್ ಟ್ಯಾಮ್ಯಾಕ್ಸ್‌ಗಿಂತ ಬಹಳ ಕೆಳಗಿರುವುದರಿಂದ ಅದನ್ನು ಓದಿದವರು ನಿಜವಾದ ರೋಗಿಯನ್ನು ಮನೆಗೆ ಕಳುಹಿಸುತ್ತಾರೆ. ಎರಡನೆಯ ತಪ್ಪು ಹೆಚ್ಚು ಕೆಟ್ಟದ್ದು. ವಯಸ್ಕರ ಕೆರೋಟಿಡ್‌ಗೆ ಬಳಸುವ ಪಿಎಸ್‌ವಿ 125ರ ಮಿತಿಯನ್ನಂತೂ ಈ ಕೋಣೆಗೆ ತರಲೇಬಾರದು, ರಕ್ತಹೀನತೆಯಿಂದಲೇ ಈ ಮಕ್ಕಳಲ್ಲಿ ಅದು ಸುಲಭವಾಗಿ ದಾಟುತ್ತದೆ.

ಗೆರೆ ಅಲೆಯ ಅಂಚಿನ ಮೇಲೆಯೇ ಕೂತಿದೆಯೇ ಎಂದು ಕಣ್ಣಿನಿಂದ ನೋಡಬೇಕು. ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಹೆಚ್ಚಿದ್ದರೆ ಯಂತ್ರದ ಗೆರೆ ಅಂಚಿನ ಹೊರಗಿನ ಕಾಳುಕಾಳು ಗದ್ದಲವನ್ನು ಹತ್ತುತ್ತದೆ, ಕಡಿಮೆಯಿದ್ದರೆ ತುದಿಯನ್ನು ಕತ್ತರಿಸುತ್ತದೆ. ಸ್ಕೇಲ್ ಸಾಲದೆ ಅಲೆಯ ತುದಿ ಪರದೆಯ ಆಚೆ ಬದಿಯಿಂದ ಕಾಣಿಸಿಕೊಂಡರೆ ಬೇಸ್‌ಲೈನ್ ಸರಿಸಿ, ಸ್ಕೇಲ್ ಏರಿಸಿ ಮತ್ತೆ ಅಳೆಯಬೇಕು. ಸಂಶಯ ಬಂದಲ್ಲಿ ಕೈಯಿಂದ ಗೆರೆ ಎಳೆಯುವುದೇ ಮೇಲು.

ತಲೆಯ ಮಿತಿಗಳು ಹೀಗಿವೆ. ಚಿತ್ರವಿಲ್ಲದ ಟಿಸಿಡಿ ಯಂತ್ರದಲ್ಲಿ 170ಕ್ಕಿಂತ ಕಡಿಮೆ ಸಹಜ, 170ರಿಂದ 199 ಗಡಿಯಲ್ಲಿರುವುದು, 200 ಮತ್ತು ಮೇಲೆ ಅಸಹಜ. ಕಲರ್ ಡಾಪ್ಲರ್ ಯಂತ್ರದಲ್ಲಿ ಅದೇ ಮಗುವಿನ ಅಂಕಿ ಸಾಮಾನ್ಯವಾಗಿ 10ರಿಂದ 15 ಶೇಕಡಾ ಕಡಿಮೆ ಬರುವುದರಿಂದ ಅಲ್ಲಿ 155 ಮತ್ತು 185ರ ಮಿತಿ ಬಳಸುವುದು ರೂಢಿ. ದವಡೆಯ ಕೆಳಗಿನಿಂದ ಅಳೆದ ಕುತ್ತಿಗೆಯ ಒಳ ಕೆರೋಟಿಡ್‌ಗೆ 160 ಎಚ್ಚರಿಕೆಯ ಗೆರೆ. ಆದರೆ ತಲೆಯ 200ರ ಹಿಂದೆ ಇರುವಂಥ ಚಿಕಿತ್ಸಾ ಪ್ರಯೋಗದ ಬಲ ಕುತ್ತಿಗೆಯ 160ಕ್ಕೆ ಇಲ್ಲ. ಅದು ರಕ್ತ ಏರಿಸಲು ಅಪ್ಪಣೆಯಲ್ಲ, ಎಂಆರ್‌ಐ ಮಾಡಿಸಲು ಕಾರಣ.

ಕಡಿಮೆ ವೇಗವನ್ನೂ ಅನುಮಾನಿಸಬೇಕು. ಮಧ್ಯ ಮೆದುಳಿನ ಅಪಧಮನಿಯಲ್ಲಿ 70ಕ್ಕಿಂತ ಕಡಿಮೆ ಬಂದರೆ, ಅಥವಾ ಒಂದು ಬದಿ ಇನ್ನೊಂದರ ಅರ್ಧದಷ್ಟೇ ಇದ್ದರೆ, ನಾಳ ಆಗಲೇ ಬಹುಪಾಲು ಮುಚ್ಚಿರಬಹುದು. ಕುತ್ತಿಗೆಯ ಒಳ ಕೆರೋಟಿಡ್‌ನಲ್ಲಿ ಮೊನಚಾಗಿ ಏರಿ ತಟ್ಟನೆ ಇಳಿದು, ನಡುವೆ ಹರಿವೇ ಉಳಿಯದ ಅಲೆ ಕಂಡರೆ ಮೇಲೆ ಎಲ್ಲೋ ದಾರಿ ಕಟ್ಟಿದೆ ಎಂದರ್ಥ. ‘ವೇಗ 60, ಸಹಜ’ ಎಂಬ ಸಾಲು ಇಂಥ ಮಗುವಿನ ವರದಿಯಲ್ಲಿಯೇ ಇರುತ್ತದೆ.

ಎಲ್ಲ ನಾಳಗಳಲ್ಲಿಯೂ ಎರಡೂ ಬದಿ ಸಮನಾಗಿ ಏರಿದ್ದರೆ ಆ ದಿನದ ಹಿಮೋಗ್ಲೋಬಿನ್ ಮತ್ತು ಜ್ವರವನ್ನು ನೋಡಬೇಕು. ಹಾಗೆಂದು 200 ದಾಟಿದ ಅಂಕಿಯನ್ನು ‘ರಕ್ತ ಕಡಿಮೆ ಇದ್ದದ್ದಕ್ಕೆ ಬಂದಿರಬೇಕು’ ಎಂದು ತಳ್ಳಿಹಾಕುವಂತಿಲ್ಲ, ಸ್ಟಾಪ್ ಪ್ರಯೋಗದ ಮಕ್ಕಳಿಗೂ ರಕ್ತಹೀನತೆ ಇದ್ದೇ ಇತ್ತು.

ಹಂತ 7: ವರದಿ

ಯಂತ್ರ ಯಾವ ಬಗೆಯದು, ಮಗು ಎಚ್ಚರವಿತ್ತೇ, ಹಿಮೋಗ್ಲೋಬಿನ್ ಎಷ್ಟು, ಆಮ್ಲಜನಕ ಎಷ್ಟು, ಕೊನೆಯ ರಕ್ತ ಯಾವಾಗ, ಹೈಡ್ರಾಕ್ಸಿಯೂರಿಯಾ ಔಷಧಿ ನಡೆದಿದೆಯೇ ಎಂಬುದು ಮೊದಲ ಸಾಲುಗಳಲ್ಲಿರಲಿ. ನಂತರ ಪ್ರತಿ ನಾಳದ ಅತಿ ಹೆಚ್ಚಿನ ಟ್ಯಾಮ್ಯಾಕ್ಸ್, ಆಳದ ಸಮೇತ. ಕಿಟಕಿ (ಕಿರಣ ಹಾಯುವಷ್ಟು ತೆಳು ಎಲುಬಿನ ಜಾಗ) ಸಿಗದೆ ನಾಳ ಕಾಣದಿದ್ದರೆ ‘ಕಾಣಲಿಲ್ಲ’ ಎಂದೇ ಬರೆಯಬೇಕು. ಕಾಣದ್ದನ್ನು ಸಹಜವೆಂದು ಬರೆಯುವುದು ಈ ಪರೀಕ್ಷೆಯಲ್ಲಿ ಕ್ಷಮೆಯಿಲ್ಲದ ತಪ್ಪು.

ಹಂತ 8: ಅಂಕಿ ಬಂದ ಮೇಲೆ

ಸಹಜವಾದರೆ ಮುಂದಿನ ವರ್ಷ. ಗಡಿಯಲ್ಲಿದ್ದರೆ ಮೂರರಿಂದ ಆರು ತಿಂಗಳೊಳಗೆ ಮತ್ತೊಮ್ಮೆ. ಮಗು ಚಿಕ್ಕದಿದ್ದಷ್ಟೂ ಬೇಗ. ಟಿಸಿಡಿ ಯಂತ್ರದಲ್ಲಿ 200 ದಾಟಿದರೆ ಒಂದೆರಡು ವಾರದಲ್ಲಿ ಮತ್ತೆ ನೋಡಿ ಖಚಿತಪಡಿಸಿಕೊಳ್ಳಬೇಕು, 220 ದಾಟಿದ್ದರೆ ಕಾಯುವಂತಿಲ್ಲ. ಖಚಿತವಾದ ಮಗುವಿಗೆ ಎಸ್ ಹಿಮೋಗ್ಲೋಬಿನ್ 30 ಶೇಕಡಾಕ್ಕಿಂತ ಕೆಳಗಿರುವಂತೆ ನಿಯಮಿತ ರಕ್ತ ಕೊಡುವುದು ರೂಢಿಯ ಚಿಕಿತ್ಸೆ. ವೇಗ ಇಳಿಯಿತೆಂದು ಅದನ್ನು ಸುಮ್ಮನೆ ನಿಲ್ಲಿಸಿದರೆ ಅಪಾಯ ಮರಳುತ್ತದೆ ಎಂಬುದು 2005ರ ಸ್ಟಾಪ್-2 ಪ್ರಯೋಗದಲ್ಲಿ ಕಂಡಿತು. ಕನಿಷ್ಠ ಒಂದು ವರ್ಷ ರಕ್ತ ಪಡೆದು, ನಾಳಗಳು ತೀವ್ರವಾಗಿ ಕಿರಿದಾಗಿಲ್ಲದ ಮಕ್ಕಳನ್ನು ಹೈಡ್ರಾಕ್ಸಿಯೂರಿಯಾಗೆ ಬದಲಿಸಬಹುದು ಎಂಬುದನ್ನು 2016ರ ಟ್ವಿಚ್ ಪ್ರಯೋಗ ತೋರಿಸಿತು.

ಕುತ್ತಿಗೆಯ ಪರೀಕ್ಷೆ ಮುಖ್ಯವಾಗುವುದು ಇಲ್ಲಿಯೇ. ತಲೆಯ ಎಂಆರ್‌ಎ ಮಾತ್ರ ನೋಡಿ ‘ನಾಳ ಚೆನ್ನಾಗಿದೆ, ರಕ್ತ ನಿಲ್ಲಿಸಬಹುದು’ ಎಂದುಕೊಂಡರೆ ದವಡೆಯ ಹಿಂದಿನ ಕಿರಿತ ಕಣ್ತಪ್ಪುತ್ತದೆ. ಕೋರಿಕೆ ಚೀಟಿಯಲ್ಲಿ ‘ಮೆದುಳು ಮತ್ತು ಕುತ್ತಿಗೆ ಎರಡರ ಎಂಆರ್‌ಎ’ ಎಂದು ಬಿಡಿಸಿ ಬರೆಯಬೇಕು. ಚಿಕ್ಕ ಮಕ್ಕಳಿಗೆ ಅರಿವಳಿಕೆ ಬೇಕಾಗಬಹುದಾದ್ದರಿಂದ ಇದು ಬೆಳಗಾವಿಯ ಬಿಮ್ಸ್, ಕೆಎಲ್‌ಇ, ಬಾಗಲಕೋಟೆಯ ಕುಮಾರೇಶ್ವರ, ವಿಜಯಪುರದ ಬಿ.ಎಂ. ಪಾಟೀಲ ಆಸ್ಪತ್ರೆಗಳಂಥ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ, ಮಕ್ಕಳ ವೈದ್ಯರ ಕಣ್ಣೆದುರಿಗೆ ಆಗಲಿ.

ಡಾಪ್ಲರ್‌ಗೆ ಕಳುಹಿಸಬಾರದ ಮಗು

ಬಾಯಿ ಒಂದು ಕಡೆ ಸೊಟ್ಟಗಾದದ್ದು, ಒಂದು ಕೈ ಅಥವಾ ಕಾಲಿನ ಬಲ ಹೋದದ್ದು, ಮಾತು ತೊದಲಿದ್ದು, ಫಿಟ್ಸ್, ಇದ್ದಕ್ಕಿದ್ದಂತೆ ಬಂದ ತಡೆಯಲಾರದ ತಲೆನೋವು: ಇವುಗಳಲ್ಲಿ ಒಂದು ಕಂಡರೂ, ಅರ್ಧ ತಾಸಿನಲ್ಲಿ ತಾನೇ ಸರಿಹೋದರೂ, ಅದು ತಪಾಸಣೆಯ ವಿಷಯವಲ್ಲ. ಲಕ್ವಾ ವಯಸ್ಸಾದವರಿಗೆ ಬರುವುದು ಎಂಬ ನಂಬಿಕೆಯಿಂದ ‘ಗಾಳಿ ಹೊಡೆದಿದೆ’ ಎಂದು ಎಣ್ಣೆ ತಿಕ್ಕಿಸಲು ಒಯ್ದು ದಿನ ಕಳೆಯುವ ಮನೆಗಳು ಈಗಲೂ ಇವೆ, ಆದ್ದರಿಂದ ಈ ಲಕ್ಷಣಗಳನ್ನು ತಂದೆತಾಯಿಗೆ ಮೊದಲ ಭೇಟಿಯಲ್ಲಿಯೇ ಬಾಯಿಬಿಟ್ಟು ಹೇಳಬೇಕು. ಇಂಥ ಮಗುವನ್ನು 108ರಲ್ಲಿ ನೇರವಾಗಿ ಸಿಟಿ ಅಥವಾ ಎಂಆರ್‌ಐ ಇರುವ, ರಕ್ತನಿಧಿ ಇರುವ ಆಸ್ಪತ್ರೆಗೆ ಕಳುಹಿಸಬೇಕು. ತಾಲೂಕಿನಿಂದ ಹೊರಡುವಾಗಲೇ ಆ ಆಸ್ಪತ್ರೆಗೆ ಫೋನ್ ಮಾಡಿ ಮಗುವಿನ ರಕ್ತದ ಗುಂಪು ತಿಳಿಸಿದರೆ, ಗಾಡಿ ಮುಟ್ಟುವಷ್ಟರಲ್ಲಿ ಹೊಂದುವ ರಕ್ತದ ಹುಡುಕಾಟ ಶುರುವಾಗಿರುತ್ತದೆ.

ಶಾಲೆಯಲ್ಲಿ ಚುರುಕಾಗಿದ್ದ ಮಗು ಒಂದೆರಡು ವರ್ಷದಲ್ಲಿ ಕಾರಣವಿಲ್ಲದೆ ಹಿಂದೆ ಬಿದ್ದರೆ, ಡಾಪ್ಲರ್ ಸಹಜವಿದ್ದರೂ ಮೆದುಳಿನ ಎಂಆರ್‌ಐ ಕೇಳಬೇಕು. ಹೊರಗೆ ಯಾವ ಲಕ್ಷಣವನ್ನೂ ತೋರದೆ ಆಗುವ ಸಣ್ಣ ಪಾರ್ಶ್ವವಾಯುಗಳನ್ನು ಡಾಪ್ಲರ್ ಹಿಡಿಯಲಾರದು, ಎಷ್ಟೋ ಸಲ ಮೊದಲು ಗಮನಿಸುವವರು ತರಗತಿಯ ಶಿಕ್ಷಕರೇ ಆಗಿರುತ್ತಾರೆ.